ಪಾನೀಯದ ಕಾರಖಾನೆಗಳೂ ಅವುಗಳ ಕಸದ ಲೆಕ್ಕವೂ

ಬೇಸಿಗೆಯ ಮಧ್ಯಾಹ್ನದಲ್ಲಿ ಕುಷ್ಟಗಿಯ ಬಸ್ ನಿಲ್ದಾಣದೊಳಗೆ ಅರ್ಧ ತಾಸು ನಿಂತವರ ಕಣ್ಣಿಗೆ ಒಂದು ಸಂಗತಿಯು ಬೀಳದೆ ಇರಲಾರದು. ಬಂದು ನಿಲ್ಲುವ ಪ್ರತಿಯೊಂದು ಬಸ್ಸಿನ ಕಿಟಕಿಯಿಂದಲೂ ಕೈಗಳು ಹೊರಗೆ ಬರುತ್ತವೆ. ಕೈಯಿಂದ ಬರಿದಾದ ಸೀಸೆಗಳು ಕೆಳಗೆ ಬೀಳುತ್ತವೆ. ನೀರಿನ ಸೀಸೆ, ಬಣ್ಣದ ಸಿಹಿನೀರಿನ ಸೀಸೆ, ಹಣ್ಣಿನ ರಸವೆಂದು ಹೆಸರಿಟ್ಟುಕೊಂಡ ಪಾನಕದ ಸೀಸೆ. ಬಿಸಿಲಿಗೆ ಬಾಯಾರಿದವರು ಕುಡಿಯಬಾರದೆಂದು ಹೇಳುವ ಕಠಿಣ ಹೃದಯವು ನಮ್ಮದಲ್ಲ. ಆದರೆ ಸೀಸೆಯೊಳಗಿನ ದ್ರವಕ್ಕೆ ಮಾರಾಟವಾಗುವ ವರೆಗೆ ಒಬ್ಬ ಒಡೆಯನಿದ್ದನು. ಕುಡಿದ ಬಳಿಕ ಉಳಿದ ಸೀಸೆಗೆ ಒಡೆಯನಾರು ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಆ ನಿಲ್ದಾಣದಲ್ಲಿ ಒಬ್ಬರೂ ಸಿಕ್ಕುವದಿಲ್ಲ.

ಇದು ಕುಷ್ಟಗಿಯೊಂದರ ಕಥೆಯಲ್ಲ. ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಗೆ ನೀರು ಬಿಟ್ಟ ದಿವಸ ಉಪಕಾಲುವೆಗಳ ಬಾಯಿಗೆ ಹೋಗಿ ನೋಡಿದರೆ, ಭತ್ತದ ಗದ್ದೆಗೆ ನೀರಿಗಿಂತ ಮೊದಲು ಸೀಸೆಗಳ ಮೆರವಣಿಗೆಯು ಹೊರಟಿರುತ್ತದೆ. ಅಂಜನಾದ್ರಿಗೆ ಹತ್ತುವ ಭಕ್ತರು ಮೆಟ್ಟಲಿನ ಎರಡೂ ಬದಿಗೆ ತಮ್ಮ ದಾಹದ ಗುರುತನ್ನು ಬಿಟ್ಟು ಹೋಗುತ್ತಾರೆ. ಯಲಬುರ್ಗೆಯ ಎರೆಹೊಲಗಳಲ್ಲಿ ಬೇರೊಂದು ಬಗೆಯ ಬೆಳೆಯುಂಟು. ಸರಕಾರವು 2007ನೆಯ ಇಸವಿಯ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿಯ ಜಾಗದಲ್ಲಿ ಅಗ್ಗದ ವಿಸ್ಕಿಯು ಕಾಗದದ ಚಿಕ್ಕ ಡಬ್ಬಿಗಳಲ್ಲಿ ಹಳ್ಳಿಗೆ ಬಂತು. ಕಾಗದವೆಂದು ನಾವು ಅನ್ನುತ್ತೇವೆ. ನಿಜವಾಗಿ ಅದು ರಟ್ಟು, ಪಾಲಿಥೀನು, ಅಲ್ಯುಮಿನಿಯಮ್ ಈ ಮೂರರ ಪದರುಗಳನ್ನು ಒತ್ತಿ ಮಾಡಿದ ವಸ್ತುವು. ಅದು ಕೊಳೆಯುವದಿಲ್ಲ, ಗೆದ್ದಲಿಗೆ ಬೇಡ, ಹಳೇ ಸಾಮಾನಿನ ವ್ಯಾಪಾರಿಯೂ ಅದನ್ನು ಕೊಳ್ಳುವದಿಲ್ಲ. ಮೂರು ಪದರುಗಳನ್ನು ಬಿಡಿಸುವ ಯಂತ್ರವಿರುವ ಕಾರಖಾನೆಗೆ ಹೋದರೆ ಮಾತ್ರ ಅದಕ್ಕೆ ಗತಿಯುಂಟು. ಹೊಲದ ಬದುವಿನಲ್ಲಿ ಬಿದ್ದ ಡಬ್ಬಿಗೆ ಆ ಕಾರಖಾನೆಯ ದಾರಿ ಯಾರು ತೋರಿಸಬೇಕು?

ಈಗ ಈ ಪಾನೀಯಗಳನ್ನು ಮಾಡುವ ದೊಡ್ಡ ಕಂಪನಿಗಳು ತಮ್ಮ ಕಸದ ಬಗೆಗೆ ಏನನ್ನು ಹೇಳುತ್ತವೆಂಬದನ್ನು ನೋಡೋಣ. ಬಂಡವಾಳಪೇಟೆಯನ್ನು ನಿಯಂತ್ರಿಸುವ ಸೆಬಿ ಎಂಬ ಮಂಡಳಿಯು 2021ರ ಮೇ ತಿಂಗಳಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ಅದರಂತೆ 2022-23ನೆಯ ವರ್ಷದಿಂದ ಷೇರುಪೇಟೆಯ ಮೊದಲ 1000 ಕಂಪನಿಗಳು ಹಣದ ಲೆಕ್ಕದ ಸಂಗಡ ಕಸದ ಲೆಕ್ಕವನ್ನೂ ಪ್ರಕಟಿಸತಕ್ಕದ್ದು. ಪ್ಲಾಸ್ಟಿಕ್ ಎಷ್ಟು, ವಿದ್ಯುನ್ಮಾನ ಸಾಮಾನಿನ ಕಸ ಎಷ್ಟು, ಹಳೆಯ ಬ್ಯಾಟರಿಗಳೆಷ್ಟು, ಅಪಾಯಕಾರಿಯಾದದ್ದು ಎಷ್ಟು, ಅಪಾಯವಿಲ್ಲದ್ದು ಎಷ್ಟು. ಅವುಗಳಲ್ಲಿ ಮರುಬಳಕೆಗೆ ಹೋದದ್ದು, ಸುಟ್ಟದ್ದು, ನೆಲದಲ್ಲಿ ಹುಗಿದದ್ದು ಎಷ್ಟೆಷ್ಟು ಎಂದು ಕೋಷ್ಟಕವನ್ನು ತುಂಬಬೇಕು. ಈ ಕಟ್ಟಳೆಯು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಮೊದಲು ಕಂಪನಿಯ ಹಿತ್ತಲಿಗೆ ಇಣಿಕಿ ನೋಡುವ ಅಧಿಕಾರವೇ ಜನರಿಗಿರಲಿಲ್ಲ. ಈಗ ಯಾವನಾದರೂ ಓದುಬಲ್ಲವನು ಆ ಪುಟವನ್ನು ತೆರೆದು ನೋಡಬಹುದು.

ಆದರೆ ಆ ಪುಟವನ್ನು ಓದುವದಕ್ಕೂ ಒಂದು ಕಲೆ ಬೇಕು. ವಾಚಕರು ಕೆಳಗಿನ ಅಂಕೆಗಳನ್ನು ಬರಿಯ ಉದಾಹರಣೆಯೆಂದು ತಿಳಿಯಬೇಕು. ಯಾವ ಕಂಪನಿಯ ಲೆಕ್ಕವೂ ಅಲ್ಲ. ಒಂದು ಬಿಯರಿನ ಕಾರಖಾನೆಯಲ್ಲಿ ವರ್ಷಕ್ಕೆ 10,000 ಟನ್ನು ಕಸ ಹುಟ್ಟಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ 9,900 ಟನ್ನು ಮರುಬಳಕೆಗೆ ಹೋಯಿತು. ಅಂದರೆ ಶೇಕಡಾ 99. ದೊಡ್ಡ ಅಕ್ಷರದಲ್ಲಿ ಮುದ್ರಿಸುವದಕ್ಕೆ ತಕ್ಕ ಅಂಕೆಯೇ ಸರಿ. ಆದರೆ ಆ 9,900ರಲ್ಲಿ ಬಹುಪಾಲು ಯಾವದು? ಜವೆಗೋದಿಯ ಸಾರವನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಸಿ ಹಿಂಡಿಯು. ಇದನ್ನು ಹಾಲಿನ ವ್ಯಾಪಾರ ಮಾಡುವವರು ಎಮ್ಮೆ ಆಕಳುಗಳಿಗೆ ಹಾಕುವದಕ್ಕಾಗಿ ರೊಕ್ಕ ಕೊಟ್ಟು ಒಯ್ಯುತ್ತಾರೆ. ಕಾನೂನು ಇಲ್ಲದ ಕಾಲದಲ್ಲಿಯೂ ಒಯ್ಯುತ್ತಿದ್ದರು. ಒಡೆದ ಗಾಜು, ರಟ್ಟು, ಕಬ್ಬಿಣದ ಚೂರು ಇವುಗಳಿಗೂ ಪೇಟೆಯಲ್ಲಿ ಬೆಲೆಯುಂಟು. ಬೆಲೆಯಿದ್ದ ವಸ್ತುವನ್ನು ಮಾರಿದ್ದಕ್ಕೆ ಪುಣ್ಯದ ಲೆಕ್ಕವೇಕೆ? ನಿಜವಾದ ಪರೀಕ್ಷೆಯು ಬೆಲೆಯಿಲ್ಲದ ಆ ಉಳಿದ 100 ಟನ್ನಿನಲ್ಲಿದೆ; ಅದರೊಳಗೆ ಎಲ್ಲಿಯೋ ಅಡಗಿಕೊಂಡಿರುವ ನಾಲ್ಕೈದು ಟನ್ನು ವಿಷದಲ್ಲಿದೆ. ಶೇಕಡಾವಾರಿಯೆಂಬದು ತೂಕವನ್ನು ಅಳೆಯುತ್ತದೆಯೇ ಹೊರತು ವಿಷವನ್ನು ಅಳೆಯುವದಿಲ್ಲ. ಒಂದು ಖಂಡುಗ ಜೋಳದಲ್ಲಿ ಒಂದು ಚಮಚ ಪಾಷಾಣವಿದ್ದರೆ ಶೇಕಡಾ 99ಕ್ಕಿಂತ ಹೆಚ್ಚು ಜೋಳವು ಶುದ್ಧವೆಂದು ಯಾವ ಗೃಹಿಣಿಯೂ ರೊಟ್ಟಿಯನ್ನು ಬಡಿಯುವದಿಲ್ಲ.

ಇನ್ನೊಂದು ಚಮತ್ಕಾರವುಂಟು. ಕಸವನ್ನು ವ್ಯಾಪಾರದ ರೂಪಾಯಿಗಳಿಂದ ಭಾಗಿಸಿ, ಇಷ್ಟು ಕೋಟಿಗೆ ಇಷ್ಟು ಟನ್ನು ಎಂದು ತೋರಿಸಬೇಕೆಂದು ಆ ಕೋಷ್ಟಕದಲ್ಲಿ ಹೇಳಿದೆ. ಮೊದಲ ವರ್ಷ 100 ಕೋಟಿಯ ವ್ಯಾಪಾರಕ್ಕೆ 1,000 ಟನ್ನು ಕಸವಿದ್ದರೆ ಕೋಟಿಗೆ 10 ಟನ್ನು ಆಯಿತು. ಮರುವರ್ಷ ಸೀಸೆಯ ಬೆಲೆಯನ್ನು ಏರಿಸಿದ್ದರಿಂದ ವ್ಯಾಪಾರವು 125 ಕೋಟಿಯಾಯಿತು. ಕಸವೂ ಏರಿ 1,100 ಟನ್ನು ಆಯಿತು. ಈಗ ಭಾಗಿಸಿದರೆ ಕೋಟಿಗೆ 8.8 ಟನ್ನು. ಕಸವು ನೂರಕ್ಕೆ ಹತ್ತರಂತೆ ಹೆಚ್ಚಿತು. ವರದಿಯಲ್ಲಿ ನೂರಕ್ಕೆ ಹನ್ನೆರಡರಂತೆ ಕಡಿಮೆಯಾಯಿತು! ಬೆಲೆ ಏರಿಸಿ ಊರನ್ನು ಸ್ವಚ್ಛ ಮಾಡುವ ಈ ಉಪಾಯವನ್ನು ನಮ್ಮ ಪುರಸಭೆಗಳು ಇನ್ನೂ ಕಲಿತಿಲ್ಲವೆಂಬದು ನಮ್ಮ ಪುಣ್ಯ. ಲೀಟರಿಗೆ ಎಷ್ಟು ಕಸವೆಂದು ಕೇಳಿದರೆ ಈ ಮಾಯೆಯು ಹರಿಯುತ್ತದೆ. ಷೇರುದಾರರು ಸಭೆಯಲ್ಲಿ ಕೇಳತಕ್ಕ ಪ್ರಶ್ನೆಯು ಇದೇ. ಕೊಪ್ಪಳ ಗಂಗಾವತಿಗಳಲ್ಲಿಯೂ ಷೇರು ಹಿಡಿದವರು ಈಗ ಕಡಿಮೆ ಜನರೇನಲ್ಲ.

ಇರಲಿ. ಪಾನೀಯವೆಂದರೆ ನೀರು, ಸಕ್ಕರೆ, ಗಾಳಿ. ಅದನ್ನು ಮಾಡುವಲ್ಲಿ ವಿಷವೆಲ್ಲಿಂದ ಬಂತೆಂದು ಕೆಲವರು ಕೇಳಿಯಾರು. ಸೀಸೆಗಳನ್ನು ತೊಳೆಯುವದಕ್ಕೆ ಕಾಸ್ಟಿಕ್ ಸೋಡಾ ಬೇಕು. ಯಂತ್ರಗಳಿಗೆ ಎಣ್ಣೆ ಬೇಕು. ಸುಟ್ಟ ಎಣ್ಣೆಯು ಹೊರಗೆ ಬರುತ್ತದೆ. ನೀರನ್ನು ಮೆದುಮಾಡುವ ರಾಳವು ಕಾಲಾನಂತರದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಸೋಸುವ ಇದ್ದಲು, ಸೀಸೆಯ ಮೇಲೆ ತಾರೀಖು ಬರೆಯುವ ಮಸಿ, ಆ ಮಸಿಯನ್ನು ತೊಳೆಯುವ ದ್ರಾವಣ, ರಸಾಯನ ತುಂಬಿ ಬಂದ ಖಾಲಿ ಪೀಪಾಯಿಗಳು, ಎಲ್ಲಕ್ಕೂ ಮಿಗಿಲಾಗಿ ಕೊಳೆನೀರನ್ನು ಶುದ್ಧಿ ಮಾಡುವ ತೊಟ್ಟಿಯ ತಳದಲ್ಲಿ ಕೂಡ್ರುವ ಕೆಸರು. 2016ನೆಯ ಇಸವಿಯ ಅಪಾಯಕಾರಿ ತ್ಯಾಜ್ಯಗಳ ನಿಯಮದಂತೆ ಇಂಥ ವಸ್ತುಗಳನ್ನು ಸಾಮಾನ್ಯವಾಗಿ 90 ದಿವಸಗಳಿಗಿಂತ ಹೆಚ್ಚು ಕಾಲ ಕಾರಖಾನೆಯಲ್ಲಿ ಇಡಕೂಡದು. ಸಾಗಿಸುವ ಪ್ರತಿ ಲಾರಿಯ ಸಂಗಡ ರವಾನೆಯ ಪತ್ರವು ಹೋಗಬೇಕು. ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಪ್ಪಿಸಬೇಕು. ನಮ್ಮ ರಾಜ್ಯದಲ್ಲಿ ಇಂಥ ಕಸವನ್ನು ಹುಗಿಯುವದಕ್ಕಾಗಿ ನೆಲಮಂಗಲ ತಾಲೂಕಿನ ದಾಬಸಪೇಟೆಯ ಹತ್ತಿರ ಒಂದು ಸ್ಥಳವನ್ನು ಸಿದ್ಧಮಾಡಲಾಗಿದೆ. ಕೊಪ್ಪಳದಿಂದ ಅದು ಸುಮಾರು ಮುನ್ನೂರು ಕಿಲೋಮೀಟರು ದೂರ. ಸುಡುವಂಥಾದ್ದನ್ನು ಸಿಮೆಂಟಿನ ಭಟ್ಟಿಗಳಲ್ಲಿ ಸುಡುವ ಪದ್ಧತಿಯೂ ಬಂದಿರುತ್ತದೆ.

ಈ ಕೆಸರಿನ ವಿಷಯವನ್ನು ನಾವು ಸುಮ್ಮನೆ ಎತ್ತಿಲ್ಲ. ಕೇರಳದ ಪಾಲಕ್ಕಾಡು ಜಿಲ್ಹೆಯ ಪೆರುಮಾಟ್ಟಿ ಪಂಚಾಯಿತಿಯಲ್ಲಿ ಪ್ಲಾಚಿಮಡವೆಂಬ ಹಳ್ಳಿಯುಂಟು. ಅಲ್ಲಿ 2000ನೆಯ ಇಸವಿಯಲ್ಲಿ ಕೋಕಾ ಕೋಲಾ ಕಂಪನಿಯ ಕಾರಖಾನೆಯು ಆರಂಭವಾಯಿತು. ಕಾರಖಾನೆಯ ತೊಟ್ಟಿಯಲ್ಲಿ ಕೂತ ಕೆಸರನ್ನು ಸುತ್ತಲಿನ ರೈತರಿಗೆ ಗೊಬ್ಬರವೆಂದು ಕೊಡಲಾಯಿತು. ಕಪ್ಪು ಕೆಸರನ್ನು ಕಂಡ ರೈತನು ಅದನ್ನು ಗೊಬ್ಬರವೆಂದು ನಂಬಿದ್ದರಲ್ಲಿ ಆಶ್ಚರ್ಯವೇನು? ನಮ್ಮ ಭಾಗದಲ್ಲಿಯೂ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವದು ತಲೆತಲಾಂತರದಿಂದ ಬಂದ ರೂಢಿಯಾಗಿದೆ. 2003ರಲ್ಲಿ ಬಿಬಿಸಿಯ ವರದಿಗಾರರು ಆ ಕೆಸರನ್ನು ಇಂಗ್ಲಂಡಿನ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದಾಗ ಅದರಲ್ಲಿ ಕ್ಯಾಡ್ಮಿಯಮ್ ಮತ್ತು ಸೀಸ ಎಂಬ ಲೋಹಗಳು ಕಂಡುಬಂದವು. ಕ್ಯಾಡ್ಮಿಯಮ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಸೀಸವು ಕೂಸುಗಳ ಬುದ್ಧಿಯನ್ನು ಕುಂದಿಸುತ್ತದೆ. ಕಂಪನಿಯು ತನ್ನ ಮೇಲಿನ ಆರೋಪಗಳನ್ನು ಒಪ್ಪಲಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು.

ಅಷ್ಟರಲ್ಲಿ ಬಾವಿಗಳ ನೀರು ಕೆಟ್ಟಿತೆಂದು ಅಲ್ಲಿಯ ಆದಿವಾಸಿಗಳು 2002ರ ಏಪ್ರಿಲಿನಲ್ಲಿಯೇ ಕಾರಖಾನೆಯ ಎದುರಿಗೆ ಧರಣಿಯನ್ನು ಹೂಡಿದ್ದರು. ಮಯಿಲಮ್ಮನೆಂಬ ಆದಿವಾಸಿ ಸ್ತ್ರೀಯು ಅವರ ಮುಂದಾಳಾಗಿದ್ದಳು. 2003ರಲ್ಲಿ ಪಂಚಾಯಿತಿಯು ಪರವಾನಿಗೆಯನ್ನು ಹೊಸದು ಮಾಡಲು ನಿರಾಕರಿಸಿತು. 2004ರ ಮಾರ್ಚಿನಲ್ಲಿ ಕಾರಖಾನೆಯು ನಿಂತಿತು. ಮಯಿಲಮ್ಮನು 2007ರಲ್ಲಿ ತೀರಿಕೊಂಡಳು. 2010ರಲ್ಲಿ ಸರಕಾರವು ನೇಮಿಸಿದ ಉನ್ನತ ಸಮಿತಿಯು ಆದ ಹಾನಿಯನ್ನು 216 ಕೋಟಿ ರೂಪಾಯಿಗಳಿಗೂ ಮಿಗಿಲೆಂದು ಅಂದಾಜು ಮಾಡಿತು. ಪರಿಹಾರದ ನ್ಯಾಯಮಂಡಳಿಗಾಗಿ 2011ರಲ್ಲಿ ಕೇರಳದ ವಿಧಾನಸಭೆಯು ವಿಧೇಯಕವನ್ನು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆಯು ದೊರೆಯಲಿಲ್ಲ. ಕಾರಖಾನೆಯನ್ನು ಮತ್ತೆ ನಡೆಸುವ ಇಚ್ಛೆಯಿಲ್ಲವೆಂದು 2017ರಲ್ಲಿ ಕಂಪನಿಯು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ನಾಲ್ಕು ವರ್ಷ ನಡೆದ ಕಾರಖಾನೆಯ ವ್ಯಾಜ್ಯವು ಹದಿನೈದು ವರ್ಷ ನಡೆಯಿತು. ಹಾಲಾಹಲವನ್ನು ಕುಡಿಯಲು ಪುರಾಣದಲ್ಲಿ ಒಬ್ಬ ನೀಲಕಂಠನಾದರೂ ಸಿಕ್ಕಿದನು. ಪ್ಲಾಚಿಮಡದಲ್ಲಿ ಹಳ್ಳಿಯವರ ಕಂಠಗಳೇ ಸಿಕ್ಕಿದವು.

ಇದು ಪರದೇಶದ ಕಂಪನಿಯಾದುದರಿಂದ ಆದ ಅನ್ಯಾಯವೆಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು. ಸ್ವದೇಶದ ಬಟ್ಟಿಮನೆಗಳ ಕಳೆನೀರು ಇನ್ನೂ ಉಗ್ರವಾದದ್ದು. ಕಾಕಂಬಿಯಿಂದ ಒಂದು ಲೀಟರು ಮದ್ಯಸಾರವನ್ನು ಇಳಿಸಿದರೆ 8ರಿಂದ 15 ಲೀಟರು ಕಂದುಬಣ್ಣದ ಕಳೆನೀರು ಹುಟ್ಟುತ್ತದೆ. ಅದನ್ನು ನದಿಗೆ ಬಿಟ್ಟರೆ ಅದು ಕೊಳೆಯುವಾಗ ನೀರಿನಲ್ಲಿಯ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಈ ಹೀರುವ ಶಕ್ತಿಯು ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಮು ಮೀರಕೂಡದೆಂದು ಕಟ್ಟಳೆ. ಹಸಿ ಕಳೆನೀರಿನಲ್ಲಿ ಅದು 40,000ದಿಂದ 60,000ದ ವರೆಗೆ ಇರುತ್ತದೆ. ಆದ ಕಾರಣ 2003ರಲ್ಲಿ ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕಾರಖಾನೆಗಳೂ ಕೂಡಿ ಒಪ್ಪಿಕೊಂಡ ಸನದಿನಲ್ಲಿ ಬಟ್ಟಿಮನೆಗಳು ನದಿಗೆ ಹನಿಯನ್ನೂ ಬಿಡಕೂಡದೆಂದು ಗೊತ್ತುಮಾಡಲಾಯಿತು. ಕಳೆನೀರಿನಿಂದ ಮೊದಲು ಉರಿಯುವ ಅನಿಲವನ್ನು ತೆಗೆಯಬಹುದು. ಆಮೇಲೆ ಅದನ್ನು ಬತ್ತಿಸಿ ಬಾಯ್ಲರಿನಲ್ಲಿ ಸುಡಬಹುದು. ಉಳಿದ ಬೂದಿಯಲ್ಲಿ ಪೊಟ್ಯಾಶು ಇರುವದರಿಂದ ಅದು ಗೊಬ್ಬರವಾಗುತ್ತದೆ. ವಿದ್ಯೆಯು ಸಿದ್ಧವಾಗಿದೆ. ತೊಂದರೆಯಿರುವದು ಬತ್ತಿಸುವದಕ್ಕೆ ತಗಲುವ ಉರುವಲಿನ ವೆಚ್ಚದಲ್ಲಿ. ಮಳೆಗಾಲದ ರಾತ್ರಿಯಲ್ಲಿ ಹಳ್ಳವು ತುಂಬಿ ಹರಿಯುತ್ತಿರುವಾಗ ಆ ವೆಚ್ಚವನ್ನು ಉಳಿಸುವ ಆಶೆಯು ಎಂಥವನಿಗೂ ಹುಟ್ಟುತ್ತದೆ.

ಗಂಗಾವತಿ, ಕಾರಟಗಿಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈಗ ಮದ್ಯಸಾರವನ್ನು ಕಾಕಂಬಿಯಿಂದಷ್ಟೇ ಅಲ್ಲ, ನುಚ್ಚಕ್ಕಿಯಿಂದಲೂ ಇಳಿಸುತ್ತಾರೆ. ಪೆಟ್ರೋಲಿನಲ್ಲಿ ಎಥನಾಲನ್ನು ಬೆರೆಸುವ ನೀತಿಯು ಬಂದ ಮೇಲೆ ದೇಶದಲ್ಲಿ ಧಾನ್ಯದ ಬಟ್ಟಿಮನೆಗಳು ಹೆಚ್ಚುತ್ತ ನಡೆದಿವೆ. ಭತ್ತದ ಕಣಜದ ನಡುವೆ ನುಚ್ಚು ಹುಡುಕುವವರು ನಮ್ಮ ಬಾಗಿಲಿಗೂ ಬರುವದು ಸಹಜ. ಬರಬಾರದೆಂದು ನಾವು ಹೇಳುವದಿಲ್ಲ. ನುಚ್ಚಿಗೆ ನಾಲ್ಕು ಕಾಸು ಹೆಚ್ಚು ಬಂದರೆ ಗಿರಣಿಗೂ ರೈತನಿಗೂ ಒಳ್ಳೆಯದು. ಧಾನ್ಯದ ಕಳೆಯನ್ನು ಒಣಗಿಸಿದರೆ ಒಳ್ಳೆಯ ದನದ ಮೇವೂ ಆಗುತ್ತದೆ. ಆದರೆ ಪರವಾನಿಗೆಯನ್ನು ಕೊಡುವ ಮೊದಲು ಒಣಗಿಸುವ ಯಂತ್ರವು ಕಾಗದದ ಮೇಲಿದೆಯೋ ನೆಲದ ಮೇಲಿದೆಯೋ, ಅದರ ಉರುವಲಿನ ಲೆಕ್ಕವನ್ನು ಯಾರು ನೋಡುವರು ಎಂದು ಜನರ ಅಹವಾಲಿನ ಸಭೆಯಲ್ಲಿ ಕೇಳಿದವರು ಊರಿಗೆ ಉಪಕಾರ ಮಾಡಿದಂತೆ. ತುಂಗಭದ್ರೆಗೆ ಇಂಥ ಅಪಘಾತವು ಹೊಸದಲ್ಲ. ಹರಿಹರದ ಬದಿಯಲ್ಲಿ ನೀಲಗಿರಿಯ ತಿರುಳನ್ನು ಮಾಡುವ ಕಾರಖಾನೆಯ ಕೆಳಗಣ ಹೊಳೆಯಲ್ಲಿ 1984ರಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದನ್ನು ಹಿರಿಯರು ಮರೆತಿಲ್ಲ. ಅದೇ ನೀರು ಹರಿದು ಬಂದು ಮುನಿರಾಬಾದಿನ ಆಣೆಕಟ್ಟಿನಲ್ಲಿ ನಿಲ್ಲುತ್ತದೆ. ಕಟ್ಟಿದಾಗ 132 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ 105ರಷ್ಟು ಮಾತ್ರ ಹಿಡಿಯುತ್ತದೆ. ನೀರು ಕಡಿಮೆಯಾದಷ್ಟೂ ವಿಷವು ದಟ್ಟವಾಗುತ್ತದೆಂಬದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ದೊಡ್ಡವರ ಮಾತಾಯಿತು. ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಪಾನೀಯದ ಕಾರಖಾನೆಯು ಬೇರೊಂದು ರೂಪದಲ್ಲಿ ಓಣಿಓಣಿಗೂ ಬಂದು ಕುಳಿತಿದೆ. ಅದನ್ನು ಯಾರೂ ಕಾರಖಾನೆಯೆಂದು ಕರೆಯುವದಿಲ್ಲ. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡೆಂಬ ಲವಣವು ಹೆಚ್ಚಾಗಿರುವದು ಎಲ್ಲರಿಗೂ ಗೊತ್ತು. ಹಲ್ಲಿನ ಮೇಲೆ ಕಂದು ಗೆರೆಗಳುಳ್ಳ ಮಕ್ಕಳು, ನಡುವನ್ನು ನೆಟ್ಟಗೆ ಮಾಡಲಾರದ ಮುದುಕರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಕೊಳವೆ ಬಾವಿಯ ನೀರನ್ನು ಒತ್ತಡದಿಂದ ತೆಳುವಾದ ಪೊರೆಯ ಮೂಲಕ ತಳ್ಳಿ ಶುದ್ಧ ಮಾಡುವ ಘಟಕಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹಬ್ಬಿದವು. ಸರಕಾರದವು ಕೆಲವು, ವ್ಯಾಪಾರಿಗಳವು ಕೆಲವು. ಇಪ್ಪತ್ತು ಲೀಟರಿನ ಡಬ್ಬಿಯನ್ನು ಹೊತ್ತ ತಳ್ಳುಗಾಡಿಯು ಬರದ ಮದುವೆಯಿಲ್ಲ, ಸಭೆಯಿಲ್ಲ. ಈ ಘಟಕಗಳಿಂದ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ. ಅದನ್ನು ಅಲ್ಲಗಳೆಯುವದು ಕೃತಘ್ನತೆಯಾದೀತು.

ಆದರೆ ಪೊರೆಯು ಫ್ಲೋರೈಡನ್ನು ನಾಶ ಮಾಡುವದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 3 ಮಿಲಿಗ್ರಾಮು ಫ್ಲೋರೈಡಿರುವ 1,000 ಲೀಟರು ನೀರನ್ನು ಎತ್ತಿದರೆ ಅದರಲ್ಲಿ ಒಟ್ಟು 3,000 ಮಿಲಿಗ್ರಾಮು ಬಂತು. ಅರ್ಧ ನೀರು ಶುದ್ಧವಾಗಿ ಹೊರಬಿದ್ದು ಅದರಲ್ಲಿ ಲೀಟರಿಗೆ 0.2 ಮಿಲಿಗ್ರಾಮು ಉಳಿಯಿತೆಂದು ಹಿಡಿದರೆ, ಡಬ್ಬಿಗಳೊಳಗೆ ಹೋದದ್ದು 100 ಮಿಲಿಗ್ರಾಮು ಮಾತ್ರ. ಉಳಿದ 2,900 ಎಲ್ಲಿ? ಉಳಿದರ್ಧ ನೀರಿನಲ್ಲಿ, ಲೀಟರಿಗೆ 5.8ರಂತೆ. ಬೇರೆ ನೀರು ಸಿಕ್ಕದ ಕಡೆಯಲ್ಲಿಯೂ 1.5ಕ್ಕಿಂತ ಹೆಚ್ಚು ಇರಕೂಡದೆಂದು ಭಾರತೀಯ ಮಾನಕವು ಹೇಳುತ್ತದೆ. ಆ ತ್ಯಾಜ್ಯದ ನೀರು ಘಟಕದ ಹಿಂದಿನ ಒಂದು ಕೊಳವೆಯಿಂದ ಗಟಾರಕ್ಕೆ ಹರಿಯುತ್ತದೆ; ಗಟಾರವು ಮುಂದೆ ಯಾವದೋ ತಗ್ಗಿನಲ್ಲಿ ಇಂಗುತ್ತದೆ; ತಗ್ಗಿನ ಪಕ್ಕದಲ್ಲಿ ಇನ್ನೊಬ್ಬರ ಕೊಳವೆ ಬಾವಿಯಿರುತ್ತದೆ. ಡಬ್ಬಿಯನ್ನು ಕೊಳ್ಳುವ ಶಕ್ತಿಯುಳ್ಳವನ ಹಲ್ಲಿನ ಫ್ಲೋರೈಡು ಕೊಳ್ಳಲಾರದವನ ಎಲುಬಿಗೆ ಹೋಗಿ ಸೇರಿದಂತಾಯಿತು. ಕೆಲವು ಕಡೆಗೆ ದನಗಳು ಆ ಕೊಳವೆಯ ಬಾಯಿಯಲ್ಲಿಯೇ ನೀರು ಕುಡಿಯುವದನ್ನು ನಾವು ಕಣ್ಣಾರೆ ಕಂಡಿರುತ್ತೇವೆ.

2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಇಂಥ ಯಂತ್ರಗಳಲ್ಲಿ ನೂರಕ್ಕೆ ಅರವತ್ತು ಲೀಟರಾದರೂ ಶುದ್ಧ ನೀರು ಹೊರಬೀಳಬೇಕೆಂದು ಹೇಳಿತು. ಅದು ನೀರಿನ ಉಳಿತಾಯಕ್ಕೆ ಒಳ್ಳೆಯದೇ. ಆದರೆ ಉಳಿದ ನಲವತ್ತು ಲೀಟರು ಇನ್ನೂ ದಟ್ಟವಾಗುವದೆಂಬದನ್ನು ಮರೆಯಕೂಡದು. ಸೀಸೆಯ ನೀರನ್ನು 2024ರ ಕೊನೆಗೆ ಹೆಚ್ಚಿನ ಅಪಾಯದ ಆಹಾರಗಳ ಪಟ್ಟಿಯಲ್ಲಿ ಸೇರಿಸಿ ವರ್ಷವರ್ಷವೂ ತಪಾಸಣೆಯಾಗಬೇಕೆಂದು ಆಹಾರ ಸುರಕ್ಷತೆಯ ಪ್ರಾಧಿಕಾರವು ಗೊತ್ತುಮಾಡಿದೆ. ಆ ತಪಾಸಣೆಯು ಡಬ್ಬಿಯೊಳಗೆ ಹೋದ ನೀರಿಗೆ ಮಾತ್ರ. ಹಿಂದಿನ ಕೊಳವೆಯ ನೀರನ್ನು ಯಾರು ಪರೀಕ್ಷಿಸಬೇಕು? ಮಾರ್ಗಗಳಿಲ್ಲವೆಂದಲ್ಲ. ನಮ್ಮ ಎಂಟು ತಿಂಗಳ ಬಿಸಿಲಿನಲ್ಲಿ, ತಳಕ್ಕೆ ಹಾಳೆ ಹಾಸಿದ ಅಗಲವಾದ ತೊಟ್ಟಿಯಲ್ಲಿ ಆ ನೀರನ್ನು ಒಣಗಿಸಬಹುದು. ಉಳಿದ ಲವಣವನ್ನು ಚೀಲದಲ್ಲಿ ತುಂಬಿ ವರ್ಷಕ್ಕೊಮ್ಮೆ ತಕ್ಕ ಸ್ಥಳಕ್ಕೆ ಒಯ್ಯಬಹುದು. ಶೌಚಾಲಯ ತೊಳೆಯುವದಕ್ಕೆ ಆ ನೀರನ್ನು ಬಳಸಬಹುದು. ಒಂದು ಎಕರೆಯ ಮೂಲೆ, ಒಬ್ಬ ಮೇಲ್ವಿಚಾರಕ, ಇಷ್ಟು ಸಾಕು. ಘಟಕಕ್ಕೆ ಜಾಗ ಕೊಡುವ ಗ್ರಾಮ ಪಂಚಾಯಿತಿಯು ಕರಾರಿನಲ್ಲಿ ಎರಡು ಸಾಲು ಬರೆಯಿಸಿಕೊಂಡರೆ ಆಗಬಹುದಾದ ಕೆಲಸವಿದು.

ಮತ್ತೆ ಸೀಸೆಗೆ ಬರೋಣ. ನಾವು ಚಿಕ್ಕವರಿದ್ದಾಗ ಕೊಪ್ಪಳದ ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿಯುತ್ತಿದ್ದೆವು. ಸೋಡಾದವನು ನಾವು ಕುಡಿದು ಮುಗಿಸುವ ವರೆಗೆ ಸೀಸೆಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ; ಸೀಸೆಯೊಡನೆ ನಾಲ್ಕು ಹೆಜ್ಜೆ ಆಚೆಗೆ ಹೋದರೆ ಕೂಗುತ್ತಿದ್ದನು. ಯಾಕಂದರೆ ಸೀಸೆಯ ಬೆಲೆಯು ಸೋಡಾದ ಬೆಲೆಗಿಂತ ಹೆಚ್ಚಾಗಿತ್ತು. ಆತನಿಗೆ ಪರಿಸರದ ಪಾಠವನ್ನು ಯಾರೂ ಹೇಳಿರಲಿಲ್ಲ. ಜಾತ್ರೆ ಮುಗಿದ ಮೇಲೆ ಬಯಲಿನಲ್ಲಿ ಒಂದು ಸೀಸೆಯೂ ಉಳಿಯುತ್ತಿರಲಿಲ್ಲ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಬಿಡುವ ಸೀಸೆ ಡಬ್ಬಿಗಳ ಮೇಲೂ 25 ಸೆಂಟು ಠೇವಣಿಯನ್ನು ಹಿಡಿಯುತ್ತಾರೆ; ಖಾಲಿ ಸೀಸೆಯನ್ನು ಮರಳಿಸಿದರೆ ಹಣವೂ ಮರಳುತ್ತದೆ. ಅಷ್ಟು ದೂರ ಯಾಕೆ? ತಮಿಳುನಾಡಿನ ನೀಲಗಿರಿ ಜಿಲ್ಹೆಯಲ್ಲಿ ಮದ್ಯದ ಸೀಸೆಗಳಿಂದ ಕಾಡಿನ ಪ್ರಾಣಿಗಳಿಗೆ ಗಾಯವಾಗುತ್ತಿರುವದನ್ನು ಕಂಡು ಮದ್ರಾಸಿನ ಉಚ್ಚ ನ್ಯಾಯಾಲಯವು ಮಾಡಿದ ಆಜ್ಞೆಯ ಮೇರೆಗೆ, 2022ರಿಂದ ಸರಕಾರದ ಅಂಗಡಿಗಳು ಪ್ರತಿ ಸೀಸೆಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಸೀಸೆಯನ್ನು ತಂದುಕೊಟ್ಟವರಿಗೆ ಹಿಂತಿರುಗಿಸತೊಡಗಿದವು. ಸೀಸೆಗಳಲ್ಲಿ ಬಹುಪಾಲು ಮರಳಿ ಬಂದವು. ಬೇರೆ ಜಿಲ್ಹೆಗಳಿಗೂ ಆ ಪದ್ಧತಿಯನ್ನು ಹಬ್ಬಿಸಲಾಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೆ ತಮಿಳುನಾಡಿಗಿಂತ ಹೆಚ್ಚಿನ ಕಷ್ಟವಿದೆಯೆಂದು ನಮಗೆ ತೋರುವದಿಲ್ಲ. 2003ರಿಂದ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಸರಕಾರದ್ದೇ ಆದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ನೆಟ್ಟಗೆ ಮಾರಾಟವಾಗುವ ಒಂದೊಂದು ಸೀಸೆಯೂ, ಯಲಬುರ್ಗೆಯ ಹೊಲದಲ್ಲಿ ಬಿದ್ದಿರುವ ಆ ಒಂದೊಂದು ಕಾಗದದ ಡಬ್ಬಿಯೂ, ಸರಕಾರದ ಗೋದಾಮಿನ ಬಾಗಿಲನ್ನು ದಾಟಿಯೇ ಬಂದಿರುತ್ತದೆ. ಅಬಕಾರಿಯ ತೆರಿಗೆಯನ್ನು ಒಂದು ಪೈಯೂ ತಪ್ಪದಂತೆ ಎಣಿಸಿಕೊಳ್ಳುವ ಗೋದಾಮಿಗೆ ಹತ್ತು ರೂಪಾಯಿ ಠೇವಣಿಯನ್ನು ಎಣಿಸುವದು ಕಷ್ಟವಾಗಬಾರದು. ಡಬ್ಬಿಗೆ ಎರಡೇ ರೂಪಾಯಿಯ ಬೆಲೆ ಬಂದರೂ ಸಾಕು. ಕುಡಿದವನು ಮರೆತು ಬಿಟ್ಟದ್ದನ್ನು ಅವನ ಹೆಂಡತಿಯೋ ಮಗನೋ ಹುಡುಕಿ ಆರಿಸಿ ತರುವರು. ಆ ಎರಡು ರೂಪಾಯಿಯಾದರೂ ಮನೆಗೆ ಮುಟ್ಟೀತು.

ಪ್ಲಾಸ್ಟಿಕ್ಕಿನ ಬಗೆಗೆ ಕಾನೂನು ಇಲ್ಲವೆಂದಲ್ಲ. 2022ರ ಫೆಬ್ರುವರಿಯ ನಿಯಮದಂತೆ, ಪೇಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕಿನಲ್ಲಿ ಗೊತ್ತಾದ ಭಾಗವನ್ನು ಮರಳಿ ಸಂಗ್ರಹಿಸಿ ಕರಗಿಸುವ ಹೊಣೆಯು ಕಂಪನಿಗಳ ಮೇಲಿದೆ. ಹೊಸ ಸೀಸೆಗಳಲ್ಲಿ 2025-26ರಿಂದ ನೂರಕ್ಕೆ 30ರಷ್ಟು ಹಳೆಯ ಪ್ಲಾಸ್ಟಿಕ್ಕು ಇರಬೇಕು. 2028-29ಕ್ಕೆ ಅದು 60ಕ್ಕೆ ಏರಬೇಕು. ಕಂಪನಿಯು ತಾನೇ ಸಂಗ್ರಹಿಸಬೇಕೆಂದಿಲ್ಲ. ಕರಗಿಸುವವರಿಂದ ಪ್ರಮಾಣಪತ್ರವನ್ನು ಕೊಂಡರೂ ನಡೆಯುತ್ತದೆ. 2023ರಲ್ಲಿ ಕೇಂದ್ರದ ಮಂಡಳಿಯು ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಪ್ರಮಾಣಪತ್ರಗಳು ಸುಳ್ಳೆಂದು ಹೊರಬಿತ್ತು. ಅವುಗಳನ್ನು ಸೃಷ್ಟಿಸಿದವರಲ್ಲಿ ನಮ್ಮ ರಾಜ್ಯದವರೂ ಇದ್ದರೆಂಬದು ನಾಚಿಕೆಯ ಸಂಗತಿ. ಕರಗದ ಪ್ಲಾಸ್ಟಿಕ್ಕು ಕಾಗದದ ಮೇಲೆ ಕರಗಿತು. ಸತ್ಯವಾದ ಪ್ರಮಾಣಪತ್ರವು ಕೂಡ ಯಾವ ಊರಿನ ಸೀಸೆಯೆಂದು ಹೇಳುವದಿಲ್ಲ. ಮುಂಬಯಿಯಲ್ಲಿ ಆರಿಸಿದ ಟನ್ನಿನಿಂದ ಕುಷ್ಟಗಿಯಲ್ಲಿ ಬಿಟ್ಟ ಟನ್ನಿನ ಋಣವು ತೀರುತ್ತದೆ. ದೊಡ್ಡ ಶಹರದಲ್ಲಿ ಆರಿಸುವದು ಅಗ್ಗ. ಚದರಿದ ಹಳ್ಳಿಗಳಲ್ಲಿ ತುಟ್ಟಿ. ಹೀಗಾಗಿ ಹಳ್ಳಿಗೆ ಆರಿಸುವವರು ಬರುವದೇ ಇಲ್ಲ. ಜಿಲ್ಹೆಗೆ ಎಷ್ಟು ಬಿಟ್ಟಿರಿ, ಜಿಲ್ಹೆಯಿಂದ ಎಷ್ಟು ಒಯ್ದಿರಿ ಎಂದು ಕೇಳುವ ಒಂದು ಕಲಮನ್ನು ನಿಯಮಕ್ಕೆ ಸೇರಿಸಬೇಕೆಂದು ನಮ್ಮ ಲೋಕಸಭೆಯ ಸದಸ್ಯರು ಒತ್ತಾಯಿಸಲಿ.

ನಮ್ಮ ಜನರು ಸುಮ್ಮನೆ ಕೂಡ್ರುವವರಲ್ಲವೆಂಬದಕ್ಕೆ ಸಾಕ್ಷಿ ಬೇಕಾಗಿಲ್ಲ. 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು ಇಪ್ಪತ್ತಾರು ಕಿಲೋಮೀಟರು ಹಿರೇಹಳ್ಳವನ್ನು ಜನರ ಕೈಯಿಂದಲೇ ಸ್ವಚ್ಛಗೊಳಿಸಿದರು. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರಖಾನೆಯ ವಿಸ್ತರಣವನ್ನು ವಿರೋಧಿಸಿ ಕೊಪ್ಪಳವೆಲ್ಲ ಅಂಗಡಿಗಳನ್ನು ಮುಚ್ಚಿ ಬೀದಿಗಿಳಿಯಿತು. ಕರಿಯ ಬೂದಿಯು ಮನೆಯ ಅಟ್ಟದ ಮೇಲೆ ಕಾಣುತ್ತದೆ. ಅದಕ್ಕಾಗಿ ಜನರು ಏಳುತ್ತಾರೆ. ಕಾಣದ ಕೆಸರಿಗೂ ಬಣ್ಣವಿಲ್ಲದ ಫ್ಲೋರೈಡಿಗೂ ಮೆರವಣಿಗೆ ಹೊರಡಿಸುವದು ಕಷ್ಟ. ಅದಕ್ಕೆ ಬೇಕಾದದ್ದು ಕಾಗದಪತ್ರವನ್ನು ಓದುವ ನಾಲ್ಕು ಜನರು. ಅಪಾಯದ ರಾಸಾಯನಿಕಗಳ ಮತ್ತು ಕಸದ ವಿವರವನ್ನು ಕಾರಖಾನೆಯ ಹೆಬ್ಬಾಗಿಲಿನಲ್ಲಿ ಫಲಕದ ಮೇಲೆ ಬರೆದು ತೂಗಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿಯೇ ಆಜ್ಞೆ ಮಾಡಿದೆ. ವಾಚಕರು ತಮ್ಮ ಊರಿನ ಹತ್ತಿರದ ಕಾರಖಾನೆಯ ಬಾಗಿಲಿಗೆ ಹೋಗಿ ಆ ಫಲಕವುಂಟೋ, ಉಂಟಾದರೆ ಅದರ ಮೇಲಿನ ತಾರೀಖು ಯಾವದು ಎಂದು ನೋಡಿ ನಮಗೆ ಬರೆದರೆ ಈ ಪುಟದಲ್ಲಿ ಪ್ರಕಟಿಸುವೆವು.

ಪರರಿಗೆ ಹೇಳುವಾಗ ನಮ್ಮ ಹಿತ್ತಲನ್ನೂ ತೋರಿಸಬೇಕಾದದ್ದು ನ್ಯಾಯ. ನಮ್ಮ ಮುದ್ರಣಾಲಯದಲ್ಲಿ ಯಂತ್ರದ ಉರುಳೆಗಳನ್ನು ತೊಳೆದ ಸೀಮೆಎಣ್ಣೆಯನ್ನೂ ಮಸಿಯ ಕೊಳೆಯನ್ನೂ ಎಷ್ಟೋ ವರ್ಷಗಳ ಕಾಲ ಎದುರಿಗಿನ ಗಟಾರಕ್ಕೇ ಚೆಲ್ಲಿದ್ದೇವೆ. ಈ ಲೇಖನಕ್ಕಾಗಿ ನಿಯಮಗಳನ್ನು ಓದುತ್ತ ಕುಳಿತಾಗ ಅದೂ ಅಪಾಯಕಾರಿಯೆಂದು ತಿಳಿದು ತಲೆ ತಗ್ಗಿಸಬೇಕಾಯಿತು. ಎರಡು ತಿಂಗಳಿಂದ ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೇವೆ. ಒಯ್ಯುವವರನ್ನು ವಿಚಾರಿಸಿದಾಗ, ಒಂದು ಡಬ್ಬಿಯ ಸಲುವಾಗಿ ಅಷ್ಟು ದೂರದಿಂದ ಲಾರಿಯು ಬರುವದಿಲ್ಲ, ನೂರು ಡಬ್ಬಿಯಾದ ಮೇಲೆ ಹೇಳಿರೆಂದು ಉತ್ತರವು ಬಂತು. ಕೊಪ್ಪಳದಲ್ಲಿ ಇರುವ ಮುದ್ರಣಾಲಯಗಳೂ, ಮೋಟಾರು ರಿಪೇರಿಯವರೂ, ನೀರಿನ ಘಟಕದವರೂ ತಮ್ಮ ತಮ್ಮ ಡಬ್ಬಿಗಳನ್ನು ಒಂದು ಕಡೆಗೆ ತಂದಿಟ್ಟರೆ ನೂರಾಗುವದು ತಡವಲ್ಲ. ಅದಕ್ಕೆ ಒಂದು ಕೋಣೆಯನ್ನು ಕೊಡಬೇಕೆಂದು ನಗರಸಭೆಗೆ ಅರ್ಜಿ ಬರೆದಿದ್ದೇವೆ. ಡಬ್ಬಿಯು ಸದ್ಯಕ್ಕೆ ನಮ್ಮ ಕಾಗದದ ಗೋದಾಮಿನ ಹಿಂದೆ, ಮುಚ್ಚಳದ ಮೇಲೆ ಕಲ್ಲು ಹೇರಿಕೊಂಡು ಕುಳಿತಿರುತ್ತದೆ.